ಘಾಟಿ ಸರದಾರನ ತೋಳು

ಮೂವತ್ತೊಂದು ವರ್ಷ ನಾನು ಬೊಂಬೆಗಳ ಕೈಕಾಲು ಮುರಿದು ಸಂಬಳ ತೆಗೆದುಕೊಂಡವನು. ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ ಕೆಲಸವೇನು ಎಂದು ಕೇಳಿದ್ದಕ್ಕೆ ಇದನ್ನೇ ಹೇಳಿದೆ. ಕಾಫಿ ಲೋಟ ಖಾಲಿಯಾಗುವ ಮೊದಲೇ ಆ ಸಂಬಂಧ ಮುರಿದುಬಿತ್ತು. ಎರಡನೇ ಮನೆಯಲ್ಲಿ ಕ್ವಾಲಿಟಿ ಚೆಕರ್ ಎಂದೆ, ಮದುವೆಯಾಯಿತು. ಈಗ ಚಿಕ್ಕಮಗಳೂರಿನ ನಮ್ಮ ಹಳೇ ಶೆಡ್ಡಿನ ಚೆಕಿಂಗ್ ಮೇಜಿಗೆ ಹೊಸದಾಗಿ ಸೇರಿರುವ ನಿಮಗೆಲ್ಲ ಈ ಕೆಲಸದ ಒಳಗುಟ್ಟು ಬರೆದುಕೊಡಿ ಎಂದು ಶೆಡ್ಡಿನ ಹೊಸ ಯಜಮಾನಿ ನಿಶಾ ಕೇಳಿದ್ದಾಳೆ. ನಾನು ಯಾವ ವರ್ಷ ಏನಾದೆ ಎಂಬುದನ್ನು ಬರೆಯುವುದಿಲ್ಲ. ಸೇರಿದಾಗ ಕೂತ ಸ್ಟೂಲಿನ ಮೇಲೇ ನಿವೃತ್ತನಾದೆ, ಸ್ಟೂಲು ಮಾತ್ರ ಎರಡು ಸಲ ಬದಲಾಯಿತು.

ನಮ್ಮದು ಕಾಫಿ ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನ ಹಿಂದಿದ್ದ ತಗಡಿನ ಶೆಡ್ಡು. ಅಲ್ಲಿ ಬೀಜ ಆರಿಸುವ ಹೆಂಗಸರಿಗೆ ಸೀಸನ್ ಮುಗಿದ ಮೇಲೆ ಕೆಲಸವಿರುತ್ತಿರಲಿಲ್ಲ. ಅವರೇ ನಮ್ಮಲ್ಲಿಗೆ ಬಂದು ಬೊಂಬೆಗಳ ಕೀಲು ಕೂರಿಸುತ್ತಿದ್ದರು, ಬಣ್ಣ ಹಚ್ಚುತ್ತಿದ್ದರು. ನಾವು ಗಿಲಕಿ, ಲಾರಿ, ಪೀಪಿ ಎಲ್ಲ ಮಾಡಿದ್ದೇವೆ. ಆದರೆ ಜನ ಇವತ್ತಿಗೂ ನೆನೆಸಿಕೊಳ್ಳುವುದು ಘಾಟಿ ಸರದಾರನನ್ನು. ಗೇಣುದ್ದದ ಪ್ಲಾಸ್ಟಿಕ್ ಕಾವಲುಗಾರ. ತಲೆಗೆ ಕಂಬಳಿ ಕೊಪ್ಪೆ, ಕಾಲಿಗೆ ಇಂಬಳ, ಅಂದರೆ ಜಿಗಣೆ, ಹತ್ತದ ಹಾಗೆ ಮೊಣಕಾಲಿನ ತನಕ ಬಟ್ಟೆಯ ಚೀಲ, ಸೊಂಟದ ಹಿಂದೆ ಕೊಕ್ಕೆ, ಕೊಕ್ಕೆಯಲ್ಲಿ ಕತ್ತಿ. ಕತ್ತಿಯನ್ನು ಕೈಗೆ ಸಿಕ್ಕಿಸಿ ಬಲತೋಳು ಎತ್ತಿ ಇಳಿಸಿದರೆ ಕಾಡು ಸವರಿದ ಹಾಗೆ. ಮೂಡಿಗೆರೆ ಬಸ್ ಸ್ಟ್ಯಾಂಡಿನಿಂದ ಹಿಡಿದು ಹೊರನಾಡಿನ ಅಂಗಡಿಸಾಲಿನವರೆಗೆ ಅವನು ಹಗ್ಗಕ್ಕೆ ನೇತುಬಿದ್ದಿರುತ್ತಿದ್ದ.

ಅವನ ಅಚ್ಚು ಮಾಡಿದವರು ಇಬ್ರಾಹಿಂ ಸಾಹೇಬ್ರು. ಮೊದಲು ಮೂಡಿಗೆರೆಯಲ್ಲಿ ಜೀಪ್ ರಿಪೇರಿ ಮಾಡುತ್ತಿದ್ದವರು. ನನಗೆ ಕೆಲಸ ಕಲಿಸಿದವರೂ ಅವರೇ. ಮೊದಲ ದಿನ ಕೈಗೊಂದು ಸರದಾರನನ್ನು ಕೊಟ್ಟು ಚೆಕ್ ಮಾಡು ಎಂದರು. ನಾನು ಕಿಟಕಿಯ ಬೆಳಕಿಗೆ ಹಿಡಿದು, ಅತ್ತಿತ್ತ ತಿರುಗಿಸಿ, ಚಿನ್ನದಂಗಡಿಯವನ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದೆ. ಸಾಹೇಬ್ರು ಅದನ್ನು ಕಿತ್ತುಕೊಂಡು ಗೋಡೆಗೆ ಎಸೆದರು, ಎತ್ತಿಕೊಂಡು ಅದರ ಕಿವಿ ಕಚ್ಚಿದರು, ಬಕೆಟ್ ನೀರಿನಲ್ಲಿ ಮುಳುಗಿಸಿದರು. ಆಮೇಲೆ ಹೇಳಿದರು: "ನೋಡೋದು ದೊಡ್ಡೋರ ಕೆಲ್ಸ ಮಾರಾಯ. ಈ ಸ್ಟೂಲಲ್ಲಿ ಕೂತಾಗ ನೀನು ಐದು ವರ್ಷದೋನು." ಆ ಮಾತನ್ನು ನಾನು ತಲೆಗೆ ಹಚ್ಚಿಕೊಂಡು ಮನೆಗೂ ಒಯ್ದೆ. ಅಂಗಡಿಯಿಂದ ಹೊಸ ಚಮಚ ತಂದರೂ ಮೊದಲು ಹಲ್ಲಿನಲ್ಲಿ ಕಚ್ಚಿ ನೋಡುತ್ತೇನೆ ಎಂದು ನನ್ನ ಹೆಂಡತಿ ಇವತ್ತಿಗೂ ಬಂದವರೆದುರು ಆಡಿಕೊಳ್ಳುತ್ತಾಳೆ.

ಸಾಹೇಬ್ರು ಕಲಿಸಿದ ಲೆಕ್ಕ ಒಂದೇ. ತೋಳನ್ನು ಹೊರಕ್ಕೆ ಎಳೆಯುತ್ತ ತಿರುಗಿಸಬೇಕು, ನಲವತ್ತು ಸುತ್ತು. ನಲವತ್ತು ತಾಳಿದರೆ ಪಾಸು. ಎಳೆಯುವುದು ಯಾಕೆ ಎಂದರೆ ಮಕ್ಕಳು ಯಾವುದನ್ನೂ ಸುಮ್ಮನೆ ತಿರುಗಿಸುವುದಿಲ್ಲ, ಕೀಳಲು ನೋಡುತ್ತವೆ. ಸರದಾರನ ಕುತ್ತಿಗೆಯನ್ನೂ ಸಾಹೇಬ್ರು ಬೇಕೆಂದೇ ಮುಂದಕ್ಕೆ ಬಾಗುವ ಹಾಗೆ ಮಾಡಿದ್ದರು. ಘಾಟಿಯಲ್ಲಿ ನಡೆಯುವವನು ತನ್ನ ಕಾಲು ತಾನು ನೋಡಿಕೊಳ್ಳಬೇಕು, ಇಂಬಳ ಹತ್ತಿದ್ದು ಗೊತ್ತಾಗುವುದು ಹೇಗೆ ಎಂದು ಅವರ ವಾದ. ಬೊಂಬೆಗೆ ಯಾವ ಇಂಬಳ ಎಂದು ಕೇಳಿದ್ದಕ್ಕೆ ಅರ್ಧ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ನನ್ನ ತಪ್ಪುಗಳನ್ನೂ ಬರೆಯಬೇಕಲ್ಲ. ಒಂದು ಜನವರಿಯಲ್ಲಿ ಚಳಿಗೆ ಬಣ್ಣ ಒಣಗುತ್ತಲೇ ಇರಲಿಲ್ಲ. ಪಕ್ಕದ ಕ್ಯೂರಿಂಗ್ ವರ್ಕ್ಸಿನ ಅಂಗಳದಲ್ಲಿ ಪಾರ್ಚ್‌ಮೆಂಟ್ ಕಾಫಿ, ಅಂದರೆ ಹೊಟ್ಟು ಬಿಡಿಸದ ಬೀಜ, ಹರಡಿದ್ದರು, ಒಳ್ಳೆ ಬಿಸಿಲು. ನಾನು ಜಾಣತನ ಮಾಡಿ ಇನ್ನೂರು ಸರದಾರರನ್ನು ಅದರ ಅಂಚಿನಲ್ಲಿ ಸಾಲಾಗಿ ಮಲಗಿಸಿ ಟೀ ಕುಡಿಯಲು ಹೋದೆ. ಅಲ್ಲಿನ ಆಳು ತಾಸಿಗೊಮ್ಮೆ ಹಲಗೆಯಲ್ಲಿ ಕಾಫಿ ಕೆದಕುವವನು, ನಿಯತ್ತಿನ ಮನುಷ್ಯ, ಕಾಫಿಯ ಜೊತೆ ಸರದಾರರನ್ನೂ ಕೆದಕಿ ಮಗುಚಿ ಹಾಕಿದ್ದ. ಹಸಿ ಬಣ್ಣಕ್ಕೆ ಪಾರ್ಚ್‌ಮೆಂಟಿನ ಹೊಟ್ಟು ಅಂಟಿಕೊಂಡಿತು. ನಾನು ಉಜ್ಜಿ, ಕೆರೆದು, ನಡೆಯುತ್ತದೆ ಎಂದು ಪಾಸು ಮಾಡಿದೆ. ಹದಿನೈದು ದಿನಕ್ಕೆ ಹೊರನಾಡಿನ ಅಂಗಡಿಯವರಿಂದ ಕಾಗದ ಬಂತು: ತಮ್ಮ ಸರದಾರರಿಗೆಲ್ಲ ಸಿಡುಬು ಎದ್ದಿದೆ, ಬೇರೆ ಆಟಿಕೆಗಳಿಗೆ ಹರಡುವ ಮೊದಲು ವಾಪಸ್ ಕರೆಸಿಕೊಳ್ಳಿ. ಸಾಹೇಬ್ರು ಆ ಕಾಗದವನ್ನು ನನ್ನ ಮೇಜಿನ ಮೇಲೆ ಅಂಟಿಸಿದರು. ಒಂದು ಮಳೆಗಾಲ ಪೂರ್ತಿ ಅದು ಅಲ್ಲೇ ಇತ್ತು.

ಆ ಅವಮಾನದ ಮೇಲೆ ನಾನು ಕಟ್ಟುನಿಟ್ಟಾದೆ. ಅದೇ ವರ್ಷ ಅಚ್ಚು ತಿದ್ದಿದ ಮೇಲೆ ಬಂದ ಹೊಸ ಲಾಟಿನಲ್ಲಿ ತೋಳುಗಳು ಸಡಿಲವಾಗಿದ್ದವು. ಏಳೆಂಟು ಸುತ್ತಿಗೆ ಟಕ್ ಎಂದು ಭುಜದೊಳಗೆ ಕೂರುವ ತೋಳಿನ ಗೂಟವೇ ಮುರಿಯುತ್ತಿತ್ತು. ಕೀಲು ಕೂರಿಸುವ ಹೆಂಗಸರ ಪೈಕಿ ಹಿರಿಯರು ಕಳಸದ ಗಿರಿಜಕ್ಕ. ನಾನು ಲಾಟನ್ನು ಅವರ ಮೇಜಿಗೆ ವಾಪಸ್ ಕಳಿಸಿದೆ. ಮತ್ತೆ ಬಂತು, ಮತ್ತೆ ಕಳಿಸಿದೆ. ಮೂರನೇ ಸಲ ಕೆಂಪು ಶಾಯಿಯಲ್ಲಿ ದೊಡ್ಡದಾಗಿ 'ಗಮನವಿಟ್ಟು ಕೂರಿಸುವುದು' ಎಂದು ಬರೆದೂ ಕಳಿಸಿದೆ. ನಾಲ್ಕನೇ ಸಲ ಬಂದ ಸರದಾರರ ತೋಳು ನಲವತ್ತಲ್ಲ, ನೂರು ಸುತ್ತಿಗೂ ಜಪ್ಪಯ್ಯ ಎನ್ನಲಿಲ್ಲ. ಅಲ್ಲಿಂದ ಮುಂದೆ ಒಂದೇ ಒಂದು ತೋಳು ಮುರಿಯಲಿಲ್ಲ. ಯಜಮಾನರು ನನ್ನ ಬೆನ್ನು ತಟ್ಟಿದರು. ನನ್ನ ಕೆಂಪು ಶಾಯಿಗೆ ಹೆದರಿ ಇಡೀ ಶೆಡ್ಡು ಸರಿಹೋಯಿತು ಎಂದು ನಾನು ನಂಬಿದೆ. ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ ಈ ಕತೆ ಹೇಳಿದ್ದೇನೆ.

ಆಮೇಲೆ ಹೊರದೇಶದ ಅಗ್ಗದ ಆಟಿಕೆಗಳು ಬಂದವು, ಸರದಾರ ನಿಂತ. ಇನ್ನೂ ಕೆಲವು ವರ್ಷ ಪೀಪಿ ಮಾಡಿ ಶೆಡ್ಡೂ ನಿಂತಿತು. ಸಾಹೇಬ್ರು ತೀರಿಕೊಂಡರು. ನಾನು ಮನೆಯಲ್ಲಿ ಕೂತು ಚಮಚ ಕಚ್ಚುತ್ತಿದ್ದೆ.

ಹೋದ ವರ್ಷ ನಿಶಾ ಮನೆ ಹುಡುಕಿಕೊಂಡು ಬಂದಳು. ಪ್ಲಾಸ್ಟಿಕ್ ಎಂಜಿನಿಯರಿಂಗ್ ಓದಿದ ಹುಡುಗಿ, ನಮ್ಮ ಹಳೇ ಶೆಡ್ಡನ್ನೂ ಅಚ್ಚುಗಳನ್ನೂ ಕೊಂಡುಕೊಂಡಿದ್ದಳು. ಸರದಾರನನ್ನು ಮತ್ತೆ ತರುತ್ತಾಳಂತೆ. ಮಕ್ಕಳಿಗಲ್ಲ, ಮಕ್ಕಳಾಗಿದ್ದಾಗ ಅವನ ಜೊತೆ ಆಡಿದ ದೊಡ್ಡವರಿಗೆ. ಅವರು ಅವನನ್ನು ಡಬ್ಬಿಯಿಂದ ತೆಗೆಯದೆ ಗಾಜಿನ ಕಪಾಟಿನಲ್ಲಿಟ್ಟು ನೋಡುತ್ತಾರಂತೆ. ಆಡದ ಆಟಿಕೆ ಎಂಬುದೇ ನನಗೆ ಅರ್ಥವಾಗಲಿಲ್ಲ. ಆದರೂ ಅಚ್ಚಿನಲ್ಲಿಲ್ಲದ ಗುಟ್ಟೇನಾದರೂ ಇದೆಯೇ ಎಂದು ಅವಳು ಕೇಳಿದಾಗ, ಎಲ್ಲ ಅಚ್ಚಿನಲ್ಲೇ ಇದೆ, ಉಳಿದದ್ದು ನನ್ನ ಚೆಕಿಂಗ್ ಎಂದು ಮೀಸೆ ತಿರುವಿದೆ.

ಮೊದಲ ಲಾಟು ಆರು ನೂರು. ಅಷ್ಟೂ ಬೊಂಬೆಗಳಿಗೆ ಮೊದಲೇ ಆರ್ಡರು ಬಂದಿತ್ತು. ಆರು ಹುಡುಗಿಯರು ಬೇರೆ ಕಡೆ ಇದ್ದ ಕೆಲಸ ಬಿಟ್ಟು ಅವಳನ್ನು ನಂಬಿ ಬಂದಿದ್ದರು. ಈ ಲಾಟು ವಾಪಸ್ ಬಂದರೆ ಶೆಡ್ಡಿಗೆ ಮತ್ತೆ ಬೀಗ ಎಂದು ನಿಶಾ ಯಾವ ನಾಟಕವೂ ಇಲ್ಲದೆ ಹೇಳಿದಳು. ಕಳಿಸುವ ಮೊದಲು ನೀವೊಮ್ಮೆ ನೋಡಿ, ಒಳ್ಳೇದು ಕೆಟ್ಟದ್ದು ಎರಡೂ ಬರೆದುಕೊಡಿ ಎಂದಳು. ನಾನು ಹಳೇ ಸ್ಟೂಲೇ ಬೇಕೆಂದು ಹಟ ಮಾಡಿ ಕೂತೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ. ಹೊಸ ಸರದಾರನ ಎರಡೂ ಕಣ್ಣು ಒಂದೇ ಕಡೆ ನೋಡುತ್ತಿದ್ದವು. ನಮ್ಮ ಕಾಲದಲ್ಲಿ ಒಂದು ಕಣ್ಣು ಬಾಬಾಬುಡನ್‌ಗಿರಿಗೆ, ಇನ್ನೊಂದು ಕಳಸಕ್ಕೆ. ಮಂಡಿ ಮಡಿಸಿದರೆ ಮಡಿಸಿದಲ್ಲೇ ನಿಲ್ಲುತ್ತಿತ್ತು, ನಮ್ಮವನು ಕೂತವನೇ ಮುಗ್ಗರಿಸುತ್ತಿದ್ದ. ಬಣ್ಣ ನೆಕ್ಕಿ ನೋಡಿದೆ, ನಾಲಗೆ ನೀಲಿಯಾಗಲಿಲ್ಲ. ಕಾಲುಚೀಲದ ಹೊಲಿಗೆ ಕೂಡ ಎಣಿಸುವಷ್ಟು ಸ್ಪಷ್ಟ. ಕೆಟ್ಟದ್ದು ಅಂದರೆ, ಕಂಬಳಿ ಕೊಪ್ಪೆ ಪ್ಲಾಸ್ಟಿಕ್ಕಿನದು, ನಾವು ನಿಜವಾದ ಕಂಬಳಿಯ ಚೂರು ಹೊಲಿಯುತ್ತಿದ್ದೆವು. ಕುತ್ತಿಗೆ ಬಾಗುವುದಿಲ್ಲ, ಫೋಟೋಗೆ ನಿಂತ ಮದುಮಗನ ಹಾಗೆ ನೇರ ನೋಡುತ್ತಾನೆ. ಕತ್ತಿಯ ಕೊಕ್ಕೆಯನ್ನು ಅಚ್ಚು ತಿದ್ದಿದ ಪರಸ್ಥಳದವರು ಸೊಂಟದ ಪಕ್ಕಕ್ಕೆ ತಂದಿದ್ದರು. ಹಾಗೆ ಕಟ್ಟಿಕೊಂಡು ನಮ್ಮ ತೋಟದಲ್ಲಿ ಹತ್ತು ಹೆಜ್ಜೆ ನಡೆದರೆ ತೊಡೆ ಸೀಳಿಹೋಗುತ್ತದೆ. ಇವನ್ನೆಲ್ಲ ಎರಡನೇ ಲಾಟಿನಲ್ಲಿ ಸರಿಮಾಡೋಣ ಎಂದು ನಿಶಾ ಒಪ್ಪಿದಳು. ಆಮೇಲೆ ನಾನು ಬಲತೋಳು ಹಿಡಿದು ಎಳೆದು ತಿರುಗಿಸಿದೆ. ಏಳನೇ ಸುತ್ತಿಗೆ ತೋಳು ನನ್ನ ಕೈಗೆ ಬಂತು.

ಇನ್ನೊಂದು ತೆಗೆದೆ, ಒಂಬತ್ತಕ್ಕೆ ಹೋಯಿತು. ಮೂರನೆಯದು ಆರಕ್ಕೆ. ನಿಶಾಳ ಮುಖ ಸಣ್ಣಗಾಯಿತು. ಅವಳ ಹತ್ತಿರ ತೋಳು ತಿರುಗಿಸುವ ಒಂದು ಯಂತ್ರವಿತ್ತು, ಎದೆಯನ್ನು ಬಿಗಿಯಾಗಿ ಹಿಡಿದು ಇನ್ನೂರು ಸುತ್ತು ತಿರುಗಿಸುತ್ತಿತ್ತು, ಅದರಲ್ಲಿ ಒಂದೂ ಮುರಿದಿರಲಿಲ್ಲ. ಯಂತ್ರ ತಿರುಗಿಸುತ್ತೆ, ಕೀಳೋದಕ್ಕೆ ನೋಡಲ್ಲ ಎಂದೆ. ಅವಳೂ ಬಿಡಲಿಲ್ಲ: ಇದನ್ನು ಕೊಳ್ಳುವವರು ದೊಡ್ಡವರು, ಡಬ್ಬಿಯನ್ನೇ ತೆರೆಯುವುದಿಲ್ಲ, ತೋಳನ್ನು ಯಾಕೆ ಎಳೆಯುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಹಾಗಾದರೆ ಒಳಗೆ ಬೊಂಬೆ ಯಾಕೆ, ಖಾಲಿ ಡಬ್ಬಿ ಕಳಿಸು ಎಂದುಬಿಟ್ಟೆ. ಅವಳು ಎದ್ದು ಹೋದಳು. ಹೇಳಬಾರದಿತ್ತು ಎಂದು ಆಗಲೇ ಅನ್ನಿಸಿತು.

ಮಾರನೇ ದಿನ ಅವಳೇ ಬಂದು ಕಾರು ಹತ್ತಿಸಿಕೊಂಡಳು. ಗೋಣಿಬೀಡಿನ ಹತ್ತಿರದ ಪ್ಲಾಂಟರ್ ಪೂರ್ಣೇಶ್ ಅವರು ಐದು ಸರದಾರರನ್ನು ಬುಕ್ ಮಾಡಿದ್ದವರು, ಕೊಳ್ಳುವವರನ್ನೇ ಕೇಳಿಬಿಡೋಣ ಎಂದಳು. ಪೂರ್ಣೇಶ್ ಅವರಿಗೆ ಐವತ್ತು ದಾಟಿದೆ, ಗಂಭೀರ ಮನುಷ್ಯ, ಮೇಸ್ತ್ರಿಗಳು ಅವರೆದುರು ಕೆಮ್ಮುವುದಕ್ಕೂ ಯೋಚಿಸುತ್ತಾರೆ. ಎಸ್ಟೇಟ್ ಆಫೀಸಿನ ಗಾಜಿನ ಕಪಾಟಿನಲ್ಲಿ ಪ್ಯಾಕೆಟ್ ಬಿಚ್ಚದ ಒಂದು ಹಳೇ ಸರದಾರನನ್ನು ಜಂಬದಿಂದ ತೋರಿಸಿದರು. ನಾನು ಯಾವುದನ್ನೂ ತೆರೆಯೋದಿಲ್ಲ ನೋಡಿ, ತೆರೆದರೆ ಅದರ ಬೆಲೆ ಹೋಯ್ತು ಎಂದು ನಿಶಾಗೆ ಬೇಕಾದ ಮಾತನ್ನೇ ಆಡಿದರು. ಅವಳು ನನ್ನ ಕಡೆ ಒಮ್ಮೆ ನೋಡಿದಳು. ನಾನು ಚಾವಣಿ ನೋಡಿದೆ.

ನಿಶಾ ಹೊಸ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಪೂರ್ಣೇಶ್ ಅವರು ಅದನ್ನು ಎತ್ತಿ ಮುಂದೆ ನೋಡಿದರು, ಹಿಂದೆ ನೋಡಿದರು, ಮೂಸಿದರು. ಕೈ ತಾನಾಗಿಯೇ ಮುಚ್ಚಳಕ್ಕೆ ಹೋಯಿತು. ಇದೊಂದೇ, ಇನ್ನು ನಾಲ್ಕು ಇದ್ದಾವಲ್ಲ ಎಂದು ಯಾರೂ ಕೇಳದಿದ್ದರೂ ಹೇಳಿಕೊಂಡರು. ಸರದಾರನನ್ನು ಹೊರತೆಗೆದು, ಕತ್ತಿ ಸಿಕ್ಕಿಸಿ, ಬಾಯಲ್ಲಿ ಕಾಡು ಸವರುವ ಸದ್ದು ಮಾಡುತ್ತ ತೋಳು ಬೀಸತೊಡಗಿದರು. ಅರವತ್ತು ಆಳಿಗೆ ಧಣಿಯಾದ ಮನುಷ್ಯ ಬಾಯಲ್ಲಿ ಸರ್ ಸರ್ ಎನ್ನುತ್ತಿದ್ದರು. ಟಕ್ ಎಂದಿತು. ಅವರು ತೋಳನ್ನು ಮತ್ತೆ ಭುಜಕ್ಕೆ ಒತ್ತಿ ನೋಡಿದರು, ನಿಲ್ಲಲಿಲ್ಲ. ಆಮೇಲೆ ಬಹಳ ಮೆಲ್ಲಗೆ, ನಾನು ಜೋರಾಗಿ ಏನೂ ಎಳೀಲಿಲ್ಲ ಎಂದರು.

ಗೆದ್ದೆ ಎಂದು ಖುಷಿಪಡಬೇಕಿತ್ತು. ಆದರೆ ಕಾರಿನಲ್ಲಿ ನಿಶಾ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ಕೀಲಿ ತಿರುಗಿಸುವುದನ್ನೇ ಮರೆತಿದ್ದಳು. ಲಾಟು ಹೋಗಬೇಕಾದ ದಿನಕ್ಕೆ ಒಂದು ವಾರವಿತ್ತು. ಅಚ್ಚು ತಿದ್ದಲು ಎರಡು ತಿಂಗಳು ಬೇಕು. ಅಷ್ಟರಲ್ಲಿ ಆ ಆರು ಹುಡುಗಿಯರು ಎಲ್ಲಿಗೆ ಹೋಗಬೇಕು. ಅವಳು ಕೇಳಿದಳು: "ವಾಸಣ್ಣ, ಭುಜದ ಅಚ್ಚು ಅದೇ. ಅಳತೆ ಅದೇ. ನಿಮ್ಮ ಕಾಲದಲ್ಲಿ ಹೇಗೆ ನಿಲ್ತಿತ್ತು?" ನನ್ನ ಕಟ್ಟುನಿಟ್ಟಿನಿಂದ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಮುಂದುವರಿಸಿದಳು: "ತೋಳು ಕೂರಿಸ್ತಿದ್ದಿದ್ದು ಯಾರು?"

ಮೂವತ್ತೊಂದು ವರ್ಷದಲ್ಲಿ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಅಲ್ಲಿಂದಲೇ ಗಿರಿಜಕ್ಕನನ್ನು ಹುಡುಕಿಕೊಂಡು ಕಳಸಕ್ಕೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು, ಅಂದರೆ ನಾನು ತಿಂದೆ, ಅವಳು ನೋಡುತ್ತಿದ್ದಳು. ಗಿರಿಜಕ್ಕ ಪೇಟೆಯ ಹಿಂದೆ ಮಗಳ ಮನೆಯಲ್ಲಿದ್ದರು. ಎಪ್ಪತ್ತೈದು ದಾಟಿದ್ದರೂ ಮೊರದಲ್ಲಿ ಕಾಳುಮೆಣಸು ಆರಿಸುತ್ತಿದ್ದರು, ಬೆರಳು ಹಾಗೇ ಓಡುತ್ತಿತ್ತು. ನನ್ನನ್ನು ಕಂಡವರೇ, ಕೆಂಪು ಶಾಯಿ ತಂದಿದ್ದೀರಾ ಎಂದು ಕೇಳಿದರು. ಕಾಫಿ ಕೊಟ್ಟರು, ಹೆಂಡತಿ ಮಕ್ಕಳ ಕ್ಷೇಮ ವಿಚಾರಿಸಿದರು. ನಾನು ಬೊಂಬೆಯನ್ನೂ ಮುರಿದ ತೋಳನ್ನೂ ಮುಂದಿಟ್ಟೆ.

ಗಿರಿಜಕ್ಕ ಅದನ್ನು ತಿರುಗಿಸಿ ನೋಡಿ, ಬೊಂಬೆಯ ಭುಜದ ಗುಳಿಗೆ ಕಿರುಬೆರಳಿಟ್ಟು ನಕ್ಕರು. "ಬೀಜ ಇಟ್ಟಿಲ್ವಲ್ಲ," ಎಂದರು.

ಯಾವ ಬೀಜ ಎಂದು ಕೇಳಿದೆ. ಅವರು ಒಳಗೆ ಹೋಗಿ ಡಬ್ಬದಿಂದ ಒಂದು ಹಿಡಿ ಹಸಿ ಕಾಫಿ ಬೀಜ ತಂದು, ಅದರಿಂದ ಗುಂಡಗಿದ್ದದ್ದೊಂದನ್ನು ಹೆಕ್ಕಿದರು. ಪೀಬೆರಿ. ಕಾಫಿ ಹಣ್ಣಿನಲ್ಲಿ ಎರಡು ಚಪ್ಪಟೆ ಬೀಜ ಇರುವ ಬದಲು ಒಂದೇ ಗುಂಡುಬೀಜ ಇರುತ್ತದಲ್ಲ, ಅದು. ಕ್ಯೂರಿಂಗ್ ವರ್ಕ್ಸಿನಲ್ಲಿ ದಿನವಿಡೀ ಅದನ್ನೇ ಬೇರೆ ಮಾಡುತ್ತಿದ್ದ ಕೈಗಳು ಅವು. ಸರದಾರನ ಭುಜದ ಗುಳಿ ಗೂಟಕ್ಕಿಂತ ಒಂದಿಷ್ಟು ಆಳವಾಗಿತ್ತು. ಎಳೆದಾಗ ಗೂಟ ಓರೆಯಾಗಿ ಮುರಿಯುತ್ತಿತ್ತು. ನಾನು ಲಾಟನ್ನು ಮೂರನೇ ಸಲ ವಾಪಸ್ ಕಳಿಸಿದ ದಿನ ಗಿರಿಜಕ್ಕ ಆ ಸಂದಿಗೆ ಒಂದು ಪೀಬೆರಿ ಇಟ್ಟು ಗೂಟ ಒತ್ತಿದ್ದರು. ಕಲ್ಲಿನ ಹಾಗೆ ಕೂತಿತು. ಅಂದಿನಿಂದ ಶೆಡ್ಡು ಬಿಟ್ಟ ಪ್ರತಿಯೊಬ್ಬ ಸರದಾರನ ಎರಡೂ ಭುಜದಲ್ಲಿ ಒಂದೊಂದು ಕಾಫಿ ಬೀಜ. ಮುರಿಯದ ತೋಳನ್ನು ಬಿಚ್ಚಿ ನೋಡುವ ಕೆಲಸ ನನ್ನದಲ್ಲ ಎಂದುಕೊಂಡಿದ್ದ ನಾನು ಒಮ್ಮೆಯೂ ಒಳಗೆ ನೋಡಿರಲಿಲ್ಲ.

ಸಾಹೇಬ್ರಿಗೆ ಇದು ಗೊತ್ತಿತ್ತೇ ಎಂದು ಕೇಳಿದೆ. ಎರಡನೇ ದಿನವೇ ಗೊತ್ತಾಯಿತಂತೆ. ಹೊಸ ಹುಡುಗ ತನ್ನ ಶಾಯಿಯಿಂದಲೇ ಸರಿಹೋಯ್ತು ಅಂತ ಖುಷಿಯಾಗಿದ್ದಾನೆ, ಪಾಪ, ಇರಲಿ ಬಿಡಿ ಎಂದರಂತೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಎಷ್ಟು ಮದುವೆ ಮನೆಗಳು, ಎಷ್ಟು ಬಸ್ಸುಗಳು.

ನನಗೂ ಒಂದು ಮಾತು ಹೇಳಬಹುದಿತ್ತಲ್ಲ ಗಿರಿಜಕ್ಕ ಎಂದೆ. ಸ್ವಲ್ಪ ಕೋಪವೂ ಇತ್ತು ದನಿಯಲ್ಲಿ.

ಅವರ ಕೈ ಮೊರದ ಮೇಲೆ ನಿಂತಿತು. "ಕೆಟ್ಟದ್ದು ಬಂದಾಗೆಲ್ಲ ನೀವು ಬರ್ದು ಕಳಿಸಿದ್ರಿ ವಾಸಣ್ಣ. ಸರಿಯಾಗಿದ್ದು ಬಂದಾಗ ಯಾರು ಏನ್ ಮಾಡಿದ್ರು ಅಂತ ಒಂದಿನ ಕೇಳಿದ್ರಾ?"

ನನ್ನ ಕಣ್ಣು ಒದ್ದೆಯಾಗಿದ್ದು ಮೆಣಸಿನ ಘಾಟಿಗೆ ಎಂದು ನಿಶಾಗೆ ಹೇಳಿದೆ. ಅವಳು ಹೂಂ ಎಂದಳು.

ಗಿರಿಜಕ್ಕ ಮರುದಿನವೇ ಚಿಕ್ಕಮಗಳೂರಿಗೆ ಬಂದು ಮಗಳ ನಾದಿನಿಯ ಮನೆಯಲ್ಲಿ ಉಳಿದರು. ಐದು ದಿನ ಆ ಆರು ಹುಡುಗಿಯರನ್ನು ಸುತ್ತ ಕೂರಿಸಿಕೊಂಡು, ತೋಳು ಬಿಚ್ಚುವುದು, ಬೀಜದ ಗಾತ್ರ ಗೊತ್ತುಮಾಡುವುದು, ಒತ್ತುವುದು ಎಲ್ಲ ಕಲಿಸಿದರು. ಒಂದು ಬೀಜ ದಪ್ಪಗಿದ್ದರೆ ಭುಜ ಸೀಳುತ್ತದೆ, ಸಣ್ಣಗಿದ್ದರೆ ಆಡುತ್ತದೆ, ಬೆರಳಿಗೇ ಗೊತ್ತಾಗಬೇಕು. ಪ್ಲಾಸ್ಟಿಕ್ ಗುಂಡು ಹಾಕಿದರೆ ಹೇಗೆ ಎಂದು ನಿಶಾ ಪರೀಕ್ಷೆ ಮಾಡಿದಳು. ಅದು ಜಾರಿತು. ಬೀಜ ಸ್ವಲ್ಪ ಒರಟು, ಗೂಟವನ್ನು ಹಿಡಿದುಕೊಳ್ಳುತ್ತದೆ. ನಾನು ಪಕ್ಕದಲ್ಲಿ ಕೂತು ಎಳೆದು ತಿರುಗಿಸಿದೆ, ಪ್ರತಿಯೊಂದಕ್ಕೂ ಎರಡು ತೋಳು, ತೋಳಿಗೆ ನಲವತ್ತು. ರಾತ್ರಿ ಹೆಂಡತಿ ಕೈಗೆ ಎಣ್ಣೆ ತಿಕ್ಕುತ್ತ ಬೈದಳು. ಆರು ನೂರೂ ಹೇಳಿದ ದಿನಕ್ಕೆ ಹೊರಟವು.

ನಿಮಗೆ ನಾನು ಹೇಳಬೇಕಾದದ್ದು ಇಷ್ಟೇ. ಮುರಿದಾಗ ಬರೆಯಿರಿ, ಕೆಂಪು ಶಾಯಿಯಲ್ಲೇ ಬರೆಯಿರಿ. ಮುರಿಯದಿದ್ದಾಗ ಸ್ಟೂಲಿನಿಂದ ಎದ್ದು ಆ ಕಡೆ ಮೇಜಿಗೆ ಹೋಗಿ ಕೇಳಿ. ಹತ್ತು ಹೆಜ್ಜೆ ದೂರ, ನಾನು ಅಳೆದಿದ್ದೇನೆ.

ಡಬ್ಬಿಯೊಳಗಿನ ಚೀಟಿಯಲ್ಲಿ 'ಪರೀಕ್ಷಿಸಿದವರು' ಎಂದು ನನ್ನ ಹೆಸರು ಮೊದಲೇ ಅಚ್ಚಾಗಿತ್ತು. ಅದನ್ನು ಹರಿದು ಹಾಕಿ ಹೊಸದು ಮಾಡಿಸು ಎಂದು ನಾನೇ ನಿಶಾಗೆ ಹೇಳಿದೆ. ಲಾಟು ಹೊರಡುವ ಹಿಂದಿನ ದಿನ ಬೆಳಿಗ್ಗೆ ಹೊಸ ಚೀಟಿ ಬಂತು. ಗಿರಿಜಕ್ಕ ಸೆರಗಿನಿಂದ ಕನ್ನಡಕ ಒರೆಸಿ, ಚೀಟಿಯನ್ನು ಕಿಟಕಿಯ ಹತ್ತಿರ ಒಯ್ದು, 'ತೋಳು ಕೂರಿಸಿದವರು' ಎಂಬುದರ ಮುಂದೆ ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿದರು. ಇನ್ನೊಮ್ಮೆ ಓದಿದರು. ಹುಡುಗಿಯರೆಲ್ಲ ಕೆಲಸ ನಿಲ್ಲಿಸಿ ಅವರನ್ನೇ ನೋಡುತ್ತಿದ್ದರು. ಅವರು ಚೀಟಿಯನ್ನು ನನ್ನ ಕೈಗೆ ವಾಪಸ್ ಕೊಟ್ಟರು.

"ಅಕ್ಷರ ಸಣ್ಣದಾಯ್ತು ವಾಸಣ್ಣ," ಎಂದರು. "ಇನ್ನೊಂದು ಸಲ ಮಾಡ್ಸಿ."

ಮಾಡಿಸಿದೆವು.